ಮೂರೂ ಇಪ್ಪತ್ತೈದರ ಕುರ್ಚಿ

ಜನವರಿ 6

ಪ್ರೀತಿಯ ಡುಮ್ಮನಿಗೆ ಅಕ್ಕನ ಆಶೀರ್ವಾದ.

ಪತ್ರ ನೋಡಿ ಗಾಬರಿಯಾಗಬೇಡ, ನನಗೇನೂ ಆಗಿಲ್ಲ. ಫೋನಿನಲ್ಲಿ ನಾವಿಬ್ಬರೂ ಊಟ ಆಯಿತಾ, ಆಯಿತು, ಮಂಡಿ ನೋವು ಹೇಗಿದೆ, ಹಾಗೇ ಇದೆ ಎನ್ನುವುದರಲ್ಲೇ ಮುಗಿಸಿ ಸುಮ್ಮನಾಗುತ್ತೇವೆ. ಇದು ಸ್ವಲ್ಪ ಯೋಚನೆ ಮಾಡಿ ಹೇಳಬೇಕಾದ ವಿಷಯ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಟ್ಟಡದ ಕೆಳಗಿರುವ ಟಿವಿ ಅಂಗಡಿಯವನು ಒಂದು ವಾರದಿಂದ ನನ್ನ ತಲೆ ತಿನ್ನುತ್ತಿದ್ದಾನೆ. ಮಾರ್ಚ್ ಮೂವತ್ತೊಂದಕ್ಕೆ ಆಂಟೆನಾದಿಂದ ಬರುವ ಹಳೆಯ ಥರದ ಪ್ರಸಾರ ನಿಂತುಹೋಗುತ್ತದಂತೆ, ಆಮೇಲೆ ಎಲ್ಲ ಡಿಜಿಟಲ್ ಅಂತೆ. ನನ್ನಂಥ ಹಳೆಯ ಟಿವಿಯವರು ಒಂದು ಸೆಟ್‌ಟಾಪ್ ಬಾಕ್ಸ್ ತಂದು ಹಾಕಿಸಿಕೊಳ್ಳಬೇಕು, ಇಲ್ಲವಾದರೆ ಟಿವಿಯನ್ನು ಗುಜರಿಗೆ ಹಾಕಬೇಕು. "ಬಾಕ್ಸ್ ಇಲ್ದಿದ್ರೆ ಅದರ ಮೇಲೆ ಹೂದಾನಿ ಇಡ್ಬಹುದು ಅಕ್ಕಾ, ಅಷ್ಟೆ" ಎಂದ. "ಸುಮ್ನಿರಪ್ಪ, ನನ್ನ ತಮ್ಮ ಇರೋದೇ ಟಿವಿ ಕೇಂದ್ರದಲ್ಲಿ, ಅವನ್ನ ಕೇಳ್ತೀನಿ" ಎಂದೆ. ಆವತ್ತಿನಿಂದ ಸ್ವಲ್ಪ ಮರ್ಯಾದೆ ಕೊಡುತ್ತಿದ್ದಾನೆ.

ನಿನಗೇ ಗೊತ್ತು, ನಿನ್ನ ಭಾವ ಹೋದಮೇಲೆ ನಾನು ಟಿವಿ ಹಾಕಿದ್ದೇ ಇಲ್ಲ. ಏಳು ವರ್ಷದಿಂದ ಅದು ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿ ಕೂತಿದೆ. ಗಿರಾಕಿಗಳು ಹೊಲಿಯಲು ಕೊಟ್ಟ ಬಟ್ಟೆಗಳನ್ನು ಅದರ ತಲೆಯ ಮೇಲೇ ಪೇರಿಸುತ್ತೇನೆ. ಬಾಕ್ಸ್ ಕೊಳ್ಳುವ ಮೊದಲು ಟಿವಿಗೇ ಜೀವ ಇದೆಯೋ ಇಲ್ಲವೋ ನೋಡೋಣ ಎಂದು ನಿನ್ನೆ ಮಧ್ಯಾಹ್ನ ಹೊದಿಕೆ ತೆಗೆದು ಹಾಕಿದೆ. ಜೀವ ಇದೆ. ಬೇರೆ ಚಾನೆಲ್ಲುಗಳಲ್ಲಿ ಬರೀ ಸದ್ದು. ನಿಮ್ಮ ಕೇಂದ್ರದ್ದು ಮಾತ್ರ ಚಿತ್ರವೂ ಬರುತ್ತದೆ, ಇರುವೆ ಮುತ್ತಿದ ಹಾಗೆ ಚುಕ್ಕಿ ಚುಕ್ಕಿಯಾಗಿ. ರಸ್ತೆಯ ಆಚೆ ಎತ್ತರದ ಕಟ್ಟಡ ಎದ್ದಮೇಲೆ ಇರಬೇಕು, ಪ್ರತಿಯೊಬ್ಬರ ಬಲಗಡೆಯೂ ಅವರದೇ ಇನ್ನೊಂದು ತೆಳು ನೆರಳು ಕಾಣಿಸುತ್ತದೆ. ಸುದ್ದಿ ಓದುವ ಹುಡುಗಿ ಬಾಯಿ ತೆರೆದರೆ ಪಕ್ಕದಲ್ಲಿ ನೆರಳೂ ಬಾಯಿ ತೆರೆಯುತ್ತದೆ.

ಅಡುಗೆಮನೆ ಕಿಟಕಿಯಿಂದ ನಿಮ್ಮ ಗುಡ್ಡದ ಟವರು ಈಗಲೂ ಕಾಣುತ್ತದೆ. ಬಸ್ಸಿನಲ್ಲಿ ಒಂದೂವರೆ ಗಂಟೆ. ನೀನು ಈ ಕಡೆ ತಲೆ ಹಾಕಿ ಏಳು ವರ್ಷ. ಬೈಯುತ್ತಿಲ್ಲ, ನೆನಪಿಗೆ ಬಂತು ಹೇಳಿದೆ.

ಇನ್ನೊಂದು ಮಾತು ಬರೆಯಬೇಕು ಅಂದುಕೊಂಡಿದ್ದೆ. ಬೇಡ, ಇನ್ನೊಂದು ಸಲ ನೋಡಿಕೊಂಡು ಬರೆಯುತ್ತೇನೆ. ಬಾಕ್ಸ್ ತೆಗೆದುಕೊಳ್ಳಲೋ ಬೇಡವೋ, ಅದನ್ನು ಹೇಳು.

ಇಂತಿ,
ಅಕ್ಕ


ಜನವರಿ 12

ಅಕ್ಕನಿಗೆ ನಮಸ್ಕಾರ.

ನಿನ್ನ ಕೈಬರಹ ನೋಡಿ ಎಷ್ಟು ದಿನವಾಗಿತ್ತು. ಲಕೋಟೆಯನ್ನು ಜೇಬಿನಲ್ಲಿಟ್ಟುಕೊಂಡು ಸಂಜೆಯವರೆಗೂ ಓಡಾಡಿದೆ. ಏನು ಬರೆದಿದ್ದೀಯೋ ಎಂದು ಹೆದರಿಕೆಯೂ ಆಗಿತ್ತು. ನೋಡಿದರೆ ಸೆಟ್‌ಟಾಪ್ ಬಾಕ್ಸ್. ಬದುಕಿದೆ ಅನ್ನಿಸಿತು.

ಕಣ್ಣು ಮುಚ್ಚಿಕೊಂಡು ತೆಗೆದುಕೋ. ಅಂಗಡಿಯವನು ಹೇಳಿದ್ದು ನಿಜ, ಇದೊಂದು ವಿಷಯದಲ್ಲಿ. ಮಾರ್ಚ್ ಮೂವತ್ತೊಂದರ ಸಂಜೆ ನಾಲ್ಕಕ್ಕೆ ಹಳೆಯ ಪ್ರಸಾರ ಬಂದ್. ಆ ಸ್ವಿಚ್ಚು ಆರಿಸುವ ಕೆಲಸ ನನ್ನ ಪಾಲಿಗೇ ಬಂದಿದೆ. ನಮ್ಮ ಪುಟ್ಟ ಸ್ಟುಡಿಯೋ ಕೂಡ ಅವತ್ತೇ ಮುಚ್ಚುತ್ತದೆ, ಸುದ್ದಿಯೆಲ್ಲ ಇನ್ನು ದೊಡ್ಡ ಕೇಂದ್ರದಿಂದಲೇ ಬರುತ್ತದೆ. ನನ್ನನ್ನು ಎಲ್ಲಿಗೆ ಎತ್ತಿ ಹಾಕುತ್ತಾರೋ ಗೊತ್ತಿಲ್ಲ.

ಬಾಕ್ಸ್ ಹಾಕಿಸಿದರೆ ನಿನ್ನ ಇರುವೆಯೂ ಹೋಗುತ್ತದೆ, ನೆರಳೂ ಹೋಗುತ್ತದೆ. ಆ ನೆರಳು ಏನು ಗೊತ್ತಾ? ನಮ್ಮ ಟವರಿನಿಂದ ಹೊರಟದ್ದು ನೆಟ್ಟಗೆ ನಿನ್ನ ಆಂಟೆನಾಕ್ಕೆ ಒಂದು ಸಲ ಬರುತ್ತದೆ, ಎದುರು ಕಟ್ಟಡಕ್ಕೆ ಬಡಿದು ಒಂದು ಚೂರು ತಡವಾಗಿ ಇನ್ನೊಂದು ಸಲ ಬರುತ್ತದೆ. ಡಿಜಿಟಲ್‌ನಲ್ಲಿ ಆ ತಂಟೆಯೇ ಇಲ್ಲ. ಬಂದರೆ ಪೂರ್ತಿ ಬರುತ್ತದೆ, ಇಲ್ಲವಾದರೆ ಏನೂ ಇಲ್ಲ. ಅರ್ಧಂಬರ್ಧ ಅನ್ನುವುದು ಮುಗಿಯಿತು.

ಬರಬಾರದು ಎಂದಲ್ಲ ಅಕ್ಕ, ಇಲ್ಲಿ ಕೆಲಸಕ್ಕೆ ಜನವೇ ಇಲ್ಲ.

ನಿನ್ನ ತಮ್ಮ


ಜನವರಿ 20

ಡುಮ್ಮಾ,

ಅಂಗಡಿಯವನಿಗೆ ಹೇಳಿದೆ, ಇನ್ನೂ ಯೋಚನೆ ಮಾಡ್ತಿದ್ದೀನಿ ಅಂತ. "ಇದಕ್ಕೂ ಯೋಚನೆನಾ ಅಕ್ಕಾ, ಮದುವೆ ಸಂಬಂಧನಾ ಇದು?" ಎಂದ. ನಗು ಬಂತು.

ನೆರಳು ಇದ್ದರೆ ನನಗೇನೂ ತೊಂದರೆಯಿಲ್ಲ. ಕೇಳಬೇಕಾದ್ದು ಬೇರೆ. ಬಾಕ್ಸಿನಲ್ಲಿ ಮಧ್ಯಾಹ್ನದ ಮೂರೂ ಇಪ್ಪತ್ತೈದು ಬರುತ್ತದಾ?

ಮರೆತಿದ್ದರೆ ನೆನಪು ಮಾಡುತ್ತೇನೆ. ನಿಮ್ಮ ಸ್ಥಳೀಯ ಸುದ್ದಿ ಮೂರೂವರೆಗೆ. ಅದಕ್ಕೆ ಐದು ನಿಮಿಷ ಮೊದಲು ಕ್ಯಾಮೆರಾ ಸರಿಮಾಡಿಕೊಳ್ಳಲು ನಿನ್ನ ಭಾವ ಸುದ್ದಿಯಾಕೆಯ ಕುರ್ಚಿಯಲ್ಲಿ ಕೂರುತ್ತಿದ್ದರಲ್ಲ. ಚರ್ಮದ ಬಣ್ಣ ಸರಿಯಾಗಿ ಬರುತ್ತಿದೆಯೋ ನೋಡಲು ಒಂದು ಮುಖ ಬೇಕು, ಉಳಿದ ಬಣ್ಣ ತೂಗಿಸಲು ಒಂದು ಬೂದು ಕೋಟು ಬೇಕು ಎಂದು. ಮಾತಿಲ್ಲ, ಕತೆಯಿಲ್ಲ, ಸುಮ್ಮನೆ ಕೂತಿರುವುದು. ಆ ಐದು ನಿಮಿಷ ಊರಿಗೆ ಊರೇ ಚಾನೆಲ್ ತಿರುಗಿಸುತ್ತಿತ್ತು. ನಾನೊಬ್ಬಳೇ ಮಿಷನ್ ನಿಲ್ಲಿಸಿ ನೋಡುತ್ತಿದ್ದೆ.

ಆ ಕೋಟು ಹೊಲಿದದ್ದು ನಾನೇ. ಎಡಗಡೆ ಕಾಲರು ಒಂದೆಳೆ ಮೇಲಕ್ಕೆ ಏರಿಬಿಟ್ಟಿತ್ತು. ಬಿಚ್ಚಿ ಹೊಲಿಯುತ್ತೇನೆ ಎಂದರೆ ಕೊಡಲಿಲ್ಲ. "ಇದ್ರಿಂದಾನೇ ನಂದು ಅಂತ ಗೊತ್ತಾಗೋದು, ಬಿಡು" ಎಂದಿದ್ದರು. ನೀನು ಅವರ ಗಡಿಯಾರ, ಕನ್ನಡಕ, ಊಟದ ಡಬ್ಬಿ ಕಳಿಸಿದಾಗ ಅದು ಬರಲಿಲ್ಲ. ಟವರಿನಿಂದ ಬೀಳುವಾಗ ಮೈಮೇಲೇ ಇತ್ತು, ಏನೂ ಉಳಿಯಲಿಲ್ಲ ಎಂದು ನೀನು ಬರೆದಿದ್ದೆ.

ಈಗ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ? ಸುಮ್ಮನೆ ಕೇಳಿದೆ.

ಅಕ್ಕ


ಜನವರಿ 27

ಅಕ್ಕನಿಗೆ ನಮಸ್ಕಾರ.

ಈಗ ಯಾರೂ ಕೂರುವುದಿಲ್ಲ. ಅದೆಲ್ಲ ಭಾವನ ಕಾಲಕ್ಕೇ ಮುಗಿಯಿತು. ಈಗ ಬಣ್ಣದ ಪಟ್ಟಿಗಳ ಚಿತ್ರ ಹಾಕಿಬಿಡುತ್ತೇವೆ. ನಾನಂತೂ ಸ್ಟುಡಿಯೋ ಒಳಗೇ ಹೋಗುವುದಿಲ್ಲ, ನನ್ನದು ಪ್ರಸಾರ ಯಂತ್ರದ ಕೋಣೆ.

ನೀನು ಮಧ್ಯಾಹ್ನ ಟಿವಿ ಹಾಕಿಕೊಂಡು ಕೂರಬೇಡ. ಚುಕ್ಕಿ ಚಿತ್ರ ನೋಡಿದರೆ ಕಣ್ಣಿಗೆ ಒಳ್ಳೆಯದಲ್ಲ, ಮೊದಲೇ ಸೂಜಿಗೆ ದಾರ ಪೋಣಿಸುವ ಕೆಲಸ. ಬಾಕ್ಸ್ ತೆಗೆದುಕೋ. ನಿನಗೆ ನಾಲ್ಕು ಮಹಡಿ ಇಳಿಯುವುದು ಕಷ್ಟವಾದರೆ ನಾನೇ ಕಳಿಸುತ್ತೇನೆ.

ತಮ್ಮ


ಫೆಬ್ರುವರಿ 3

ಡುಮ್ಮಾ,

ಯಾರೂ ಕೂರುವುದಿಲ್ಲ ಎಂದು ನೀನು ಬರೆದದ್ದನ್ನು ನಾಲ್ಕೈದು ಸಲ ಓದಿದೆ. ನೀನು ಅಲ್ಲೇ ಇರುವವನು, ನಿನಗೆ ಗೊತ್ತಿಲ್ಲದೆ ಇರುತ್ತದೆಯೇ.

ಅಷ್ಟೇ ನನಗೆ ಬೇಕಾಗಿದ್ದದ್ದು. ಬಾಕ್ಸ್ ಬೇಡ. ಕಳಿಸಬೇಡ.

ಅಕ್ಕ


ಫೆಬ್ರುವರಿ 15

ಅಕ್ಕನಿಗೆ ನಮಸ್ಕಾರ.

ಬೇಡ ಎಂದರೂ ಕಳಿಸುತ್ತಿದ್ದೇನೆ, ಸಿಟ್ಟು ಮಾಡಿಕೊಳ್ಳಬೇಡ. ನಿನ್ನ ಪತ್ರ ಅಷ್ಟು ಚಿಕ್ಕದಾಗಿ ಬಂದದ್ದು ನೋಡಿ ಮನಸ್ಸಿಗೆ ಕಸಿವಿಸಿಯಾಯಿತು. ಫೋನ್ ಮಾಡಿದರೆ ಎತ್ತಲಿಲ್ಲ. ಕೊನೆಗೆ ಅಂಗಡಿಯವನ ನಂಬರಿಗೆ ಮಾಡಿದೆ. "ಅಕ್ಕ ಚೆನ್ನಾಗೇ ಇದ್ದಾರೆ ಸಾರ್. ಮೂರು ಗಂಟೆ ಆದ್ಮೇಲೆ ಮಾತ್ರ ಬಾಗಿಲು ತೆಗೆಯಲ್ಲ" ಎಂದ. ಗಿರಾಕಿಗಳು ನಾಲ್ಕು ಮಹಡಿ ಹತ್ತಿ ಬಂದು ಬಾಗಿಲು ಬಡಿದು ವಾಪಸು ಹೋಗುತ್ತಾರಂತೆ. ಏನು ಸಮಾಚಾರ?

ಬಾಕ್ಸ್ ಜೊತೆಗೆ ತಂತಿ, ರಿಮೋಟು ಎಲ್ಲ ಇದೆ. ಹಿಂದುಗಡೆ ಆಂಟೆನಾ ತಂತಿ ಬಿಚ್ಚಿ ಇದಕ್ಕೆ ಹಾಕಿದರೆ ಆಯಿತು. ಎರಡು ನಿಮಿಷದ ಕೆಲಸ, ಅಂಗಡಿಯವನೇ ಬಂದು ಮಾಡುತ್ತಾನೆ.

ತಮ್ಮ


ಫೆಬ್ರುವರಿ 28

ಪ್ರೀತಿಯ ಡುಮ್ಮಾ,

ಪಾರ್ಸೆಲ್ ಬಂತು. ಬಿಚ್ಚಿಲ್ಲ. ಟಿವಿಯ ಪಕ್ಕದಲ್ಲೇ ಇಟ್ಟಿದ್ದೇನೆ, ನಿನ್ನ ಅಕ್ಷರದಲ್ಲಿ ನನ್ನ ವಿಳಾಸ ಇದೆ ಎಂದು.

ನನಗೆ ತಲೆ ಕೆಟ್ಟಿದೆ ಎಂದು ನೀನು ಅಂದುಕೊಳ್ಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನಿನ್ನ ಭಾವ ಬರುತ್ತಿದ್ದಾರೆ. ಮೊದಲ ದಿನವೇ, ನಾನು ಹೊದಿಕೆ ತೆಗೆದ ಮಧ್ಯಾಹ್ನವೇ ನೋಡಿದೆ. ಅಲ್ಲೇ ನೆಲದ ಮೇಲೆ ಕೂತೆ. ಆಮೇಲೆ ದಿನಾ ನೋಡುತ್ತಿದ್ದೇನೆ. ಮೂರೂ ಇಪ್ಪತ್ತೈದಕ್ಕೆ ಸರಿಯಾಗಿ ಆ ಕುರ್ಚಿಯಲ್ಲಿ ಕೂರುತ್ತಾರೆ. ಮುಖ ಸರಿಯಾಗಿ ಕಾಣುವುದಿಲ್ಲ, ಚುಕ್ಕಿ ಜಾಸ್ತಿ. ಬೋಳುತಲೆ ಕಾಣುತ್ತದೆ, ಕನ್ನಡಕ ಹೊಳೆಯುತ್ತದೆ, ಪಕ್ಕದಲ್ಲಿ ಆ ನೆರಳು ಇರುತ್ತದೆ. ಆದರೆ ಕೋಟು ಅದೇ. ಎಡಗಡೆ ಕಾಲರು ಏರಿರುವುದು ಕಾಣುತ್ತದೆ. ನನ್ನ ಹೊಲಿಗೆ ನನಗೆ ಗೊತ್ತಾಗುವುದಿಲ್ಲವೇ? ಅವರ ಜೊತೆಗೇ ಹೋದ ಕೋಟು ಅದು. ಮನುಷ್ಯರು ಯಾರಾದರೂ ಕೂರುತ್ತಿರಬಹುದು ಎಂದು ನಿನ್ನನ್ನು ಕೇಳಿದೆ. ಯಾರೂ ಇಲ್ಲ ಎಂದೆ ನೀನು. ಆಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ಇನ್ನೂ ಒಂದಿದೆ, ಇದನ್ನು ಯಾರಿಗೂ ಹೇಳಿಲ್ಲ. ಆ ಐದು ನಿಮಿಷದಲ್ಲಿ ಅವರು ನನಗೆ ಸುದ್ದಿ ಕಳಿಸುತ್ತಿದ್ದರು. ಮೇಲಿನ ಗುಂಡಿ ಹಾಕಿಕೊಂಡರೆ ಹೊತ್ತಿಗೆ ಸರಿಯಾಗಿ ಬರುತ್ತೇನೆ ಎಂದು. ಕನ್ನಡಕ ಒರೆಸಿದರೆ ನಾಳೆ ರಜೆ. ಬಲಗಿವಿ ಮುಟ್ಟಿಕೊಂಡರೆ ತಡವಾಗುತ್ತದೆ, ಕಾದಿರು ಎಂದು. ಇನ್ನೊಂದು ಇತ್ತು, ಅದನ್ನು ಮಾಡಿದ್ದು ಎರಡೇ ಸಲ, ಅದು ನಮ್ಮಿಬ್ಬರಲ್ಲೇ ಇರಲಿ. ಮನೆಗೆ ಫೋನಿಲ್ಲದ ಕಾಲದಲ್ಲಿ ಶುರುವಾದದ್ದು, ಫೋನು ಬಂದಮೇಲೂ ಬಿಡಲಿಲ್ಲ. ಇಡೀ ಊರಿನ ಎದುರು ಕೂತುಕೊಂಡು ನನ್ನೊಬ್ಬಳಿಗೆ ಹೇಳುತ್ತಿದ್ದರಲ್ಲ, ಅದರ ಹೆಮ್ಮೆ ನನಗೆ ಎಷ್ಟಿತ್ತು ಎಂದು ನಿನಗೆ ಗೊತ್ತಾಗಲಾರದು.

ಈಗ ದಿನಾ ಬಲಗಿವಿ ಮುಟ್ಟಿಕೊಳ್ಳುತ್ತಾರೆ. ದಿನಾ ಅದೊಂದೇ. ತಡವಾಗುತ್ತದೆ, ಕಾದಿರು. ನಾನು ಕಾಯುತ್ತೇನೆ. ಇಬ್ಬರಿಗೂ ಅಡುಗೆ ಮಾಡಿ ಎರಡು ತಟ್ಟೆ ಇಟ್ಟುಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತೇನೆ. ನಗಬೇಡ. ಏಳು ವರ್ಷದಲ್ಲಿ ನಾನು ಇಷ್ಟು ಸುಖವಾಗಿ ಇದ್ದದ್ದಿಲ್ಲ. ಇಷ್ಟು ಹೆದರಿದ್ದೂ ಇಲ್ಲ.

ಅವರು ತೀರಿಹೋದ ದಿನವೂ ಕಿವಿಯನ್ನೇ ಮುಟ್ಟಿಕೊಂಡಿದ್ದರು. ಸಂಜೆ ಐದಕ್ಕೆ ಇದ್ದಕ್ಕಿದ್ದ ಹಾಗೆ ಟವರಿನ ತುದಿಯ ದೀಪ ಕೆಟ್ಟಿತು, ಭಾವ ಹತ್ತಿದರು ಎಂದು ನೀನು ಹೇಳಿದ್ದೆ. ಐದಕ್ಕೆ ಕೆಡುವ ದೀಪ ಅವರಿಗೆ ಮೂರೂ ಇಪ್ಪತ್ತೈದಕ್ಕೇ ಹೇಗೆ ಗೊತ್ತಾಯಿತು? ಏಳು ವರ್ಷದಿಂದ ಈ ಪ್ರಶ್ನೆ ನುಂಗಿಕೊಂಡಿದ್ದೇನೆ. ನಿನ್ನನ್ನು ಕೇಳುವುದಿಲ್ಲ. ಅವರು ಮನೆಗೆ ಬಂದಾಗ ಅವರನ್ನೇ ಕೇಳುತ್ತೇನೆ.

ಆದರೆ ಮಾರ್ಚ್ ಮೂವತ್ತೊಂದಾದಮೇಲೆ ಅವರು ಎಲ್ಲಿಗೆ ಬರಬೇಕು? ನೀನೇ ಹೇಳಿದ್ದೀಯ, ಈ ಬಾಕ್ಸಿನಲ್ಲಿ ಅರ್ಧಂಬರ್ಧ ಬರುವುದಕ್ಕಾಗುವುದಿಲ್ಲ. ಆ ಸ್ವಿಚ್ಚು ನಿನ್ನ ಕೈಯಲ್ಲಿದೆ. ಆರಿಸಬೇಡ ಡುಮ್ಮಾ.

ಅಕ್ಕ


ಮಾರ್ಚ್ 7

ಅಕ್ಕ,

ಇದು ನಾನು ಬರೆಯುತ್ತಿರುವ ಆರನೆಯ ಕಾಗದ. ಐದು ಹರಿದು ಹಾಕಿದೆ.

ಭಾವ ಬರುತ್ತಿಲ್ಲ. ಆ ಕುರ್ಚಿಯಲ್ಲಿ ಕೂರುತ್ತಿರುವುದು ನಾನು.

ಭಾವ ಹೋದ ಮರುವಾರದಿಂದ ನಾನೇ ಕೂರುತ್ತಿದ್ದೇನೆ. ಬಣ್ಣದ ಪಟ್ಟಿ ಎಂದು ಬರೆದದ್ದು ಸುಳ್ಳು. ನಿನ್ನ ಡುಮ್ಮ ಈಗ ಡುಮ್ಮನಲ್ಲ ಅಕ್ಕ, ಒಬ್ಬನೇ ಬೇಯಿಸಿಕೊಂಡು ತಿಂದು ಸೊರಗಿದ್ದೇನೆ. ತಲೆಗೂದಲು ಹೋಯಿತು, ಕನ್ನಡಕ ಬಂತು. ಈ ವರ್ಷ ನನಗೆ ಭಾವ ಹೋದಾಗಿನ ವಯಸ್ಸು. ಏಳು ವರ್ಷದಲ್ಲಿ ಒಂದು ಸಲ ಬಂದು ಮುಖ ತೋರಿಸಿದ್ದರೆ ನೀನು ಮೊದಲ ದಿನವೇ ಗುರುತು ಹಿಡಿಯುತ್ತಿದ್ದೆ.

ಕೋಟು ಅದೇ, ನೀನು ಹೊಲಿದದ್ದೇ. ಅದು ಭಾವನ ಮೈಮೇಲಿರಲಿಲ್ಲ. ಮೊಳೆಗೆ ನೇತುಹಾಕಿ ಹೋಗಿದ್ದರು. ನಿನಗೆ ಕಳಿಸಬೇಕೆಂದು ಮಡಚಿದೆ, ಕೈ ಬರಲಿಲ್ಲ. ಸ್ಟುಡಿಯೋದಲ್ಲಿ ಬೇರೆ ಬೂದು ಕೋಟಿಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಅದನ್ನು ತೊಟ್ಟಾಗ ಅವರು ಹೆಗಲ ಮೇಲೆ ಕೈ ಹಾಕಿದ ಹಾಗಿರುತ್ತಿತ್ತು.

ಕಿವಿಯ ವಿಷಯ ಓದಿದೆ. ನನಗೆ ಗೊತ್ತೇ ಇರಲಿಲ್ಲ ಅಕ್ಕ. ನಾನು ಇಲ್ಲಿಗೆ ಸೇರಿದ ಹೊಸದರಲ್ಲಿ, ಯಾಕೆ ಕಿವಿ ಮುಟ್ಟಿಕೊಳ್ಳುತ್ತೀರಿ ಭಾವ ಎಂದು ಕೇಳಿದ್ದೆ. "ಚಿತ್ರ ಓಡ್ತಿದೆಯೋ ನಿಂತಿದೆಯೋ ಗೊತ್ತಾಗ್ಬೇಕಲ್ಲಪ್ಪ, ಅದಕ್ಕೆ ಕೈ ಆಡಿಸ್ಬೇಕು" ಎಂದರು, ಮುಖದಲ್ಲಿ ನಗುವಿಲ್ಲ. ನಾನು ಪೆದ್ದ, ಕೆಲಸದ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ: ಮೂರೂ ಇಪ್ಪತ್ತೈದು, ಕುರ್ಚಿ, ಕೋಟು, ಬಲಗಿವಿ. ಏಳು ವರ್ಷದಿಂದ ಆ ಸಾಲಿನ ಪ್ರಕಾರ ಕಿವಿ ಮುಟ್ಟುತ್ತಿದ್ದೇನೆ. ಹೊಸಬರಿಗೂ ಅದನ್ನೇ ಕಲಿಸಿದ್ದೇನೆ.

ಇನ್ನು ನೀನು ಕೇಳುವುದಿಲ್ಲ ಎಂದ ಪ್ರಶ್ನೆ. ದೀಪ ಕೆಟ್ಟದ್ದು ಸಂಜೆ ಐದಕ್ಕಲ್ಲ, ಬೆಳಿಗ್ಗೆಯೇ. ಹತ್ತುವ ಸರದಿ ನನ್ನದು. ನನಗೆ ಎತ್ತರ ಎಂದರೆ ಜೀವ ಹೋಗುತ್ತದೆ, ಅದನ್ನು ಮುಚ್ಚಿಟ್ಟು ಕೆಲಸಕ್ಕೆ ಸೇರಿದ್ದೆ. ಭಾವನಿಗೆ ಮೊದಲ ವಾರದಲ್ಲೇ ತಿಳಿಯಿತು, ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ನನ್ನ ಸರದಿ ಬಂದಾಗಲೆಲ್ಲ ತಮ್ಮ ಕೆಲಸ ಮುಗಿಸಿ, ಮೇಲಧಿಕಾರಿ ಮನೆಗೆ ಹೋದಮೇಲೆ ನನ್ನ ಬದಲು ಹತ್ತುತ್ತಿದ್ದರು. ಅವರು ಅಷ್ಟು ಸಲ ತಡವಾಗಿ ಬಂದದ್ದು ನನ್ನಿಂದ. ನೀನು ನೋಡಿದ ಒಂದೊಂದು ಕಿವಿಯೂ ನನ್ನ ಹೆದರಿಕೆಯೇ.

ಆವತ್ತು ಊಟದ ಹೊತ್ತಿನಲ್ಲಿ "ಗಾಳಿ ಜೋರಾಗಿದೆ ಭಾವ, ನಾಳೆ ನೋಡೋಣ" ಎಂದೆ. "ದೀಪ ಉರೀದಿದ್ರೆ ನಾಳೆ ಕೇಳೋದು ನಿನ್ನನ್ನೇ. ನಾನು ಹೋಗ್ತೀನಿ ಬಿಡು" ಎಂದರು. ಐದಕ್ಕೆ ಕೋಟು ಬಿಚ್ಚಿ ಮೊಳೆಗೆ ಹಾಕಿದರು. ಗಡಿಯಾರ ಬಿಚ್ಚಿ ಕೋಟಿನ ಎದೆ ಜೇಬಿಗೆ ಹಾಕಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬೇರೆ ಹಾಕಿಕೊಂಡರು. ಬಾಗಿಲ ಹತ್ತಿರ ತಿರುಗಿ, "ನಿಮ್ಮಕ್ಕನಿಗೆ ಗೊತ್ತಾಗೋದು ಬೇಡ, ಸುಮ್ನೆ ಹೆದರ್ತಾಳೆ" ಎಂದರು. ನಾನು ಕೆಳಗೆ ನಿಂತು ನೋಡುತ್ತಿದ್ದೆ.

ಅವರು ಹೇಳಿದ್ದಕ್ಕೆ ಮುಚ್ಚಿಟ್ಟೆ ಎಂದು ಹೇಳಿಕೊಳ್ಳಬಹುದು. ಆದರೆ ನಿಜ ಅದಲ್ಲ. ನೀನು ನನ್ನ ಮುಖ ನೋಡದೆ ಹೋಗುತ್ತೀಯ ಎಂದು ಹೆದರಿ ನಾನೇ ನಿನ್ನ ಮುಖ ನೋಡದೆ ಉಳಿದೆ.

ನಿನ್ನ ತಮ್ಮ


ಮಾರ್ಚ್ 16

ಅಕ್ಕ,

ನಿನ್ನ ಉತ್ತರವಿಲ್ಲ. ಕೇಳುವ ಮುಖವೂ ನನಗಿಲ್ಲ.

ದಿನಾ ಕುರ್ಚಿಯಲ್ಲಿ ಕೂರಲೇಬೇಕು, ಇನ್ನೂ ಹದಿನೈದು ದಿನ ಸುದ್ದಿಯಿದೆ. ಕಾಗದ ಹಾಕಿದ ದಿನದಿಂದ ನನ್ನ ಕೈಯನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ. ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತೇನೆ. ಆಚೆಯಿಂದ ಕ್ಯಾಮೆರಾದವನು "ಕೈ ಆಡ್ಸಿ ಸಾರ್, ಚಿತ್ರ ನಿಂತಂಗಿದೆ" ಎಂದು ಕೂಗುತ್ತಾನೆ. ನಾನು ಅಲುಗಾಡುವುದಿಲ್ಲ.

ನೀನು ನೋಡುತ್ತಿದ್ದೀಯೋ ಇಲ್ಲವೋ, ಅಷ್ಟಾದರೂ ಹೇಳು.

ತಮ್ಮ


ಮಾರ್ಚ್ 24

ಡುಮ್ಮಾ,

ನೋಡುತ್ತಿದ್ದೇನೆ.

ನಿನ್ನ ಕಾಗದ ಬಂದ ದಿನ ಟಿವಿ ಹಾಕಲಿಲ್ಲ. ಮಾರನೆಯ ದಿನ ಹಾಕಿದೆ. ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಒಬ್ಬ ಕೂತಿದ್ದ. ಶಾಲೆಯಲ್ಲಿ ಏಟು ಬೀಳುತ್ತದೆ ಎಂದಾಗ ನೀನು ಹಾಗೇ ಕೂರುತ್ತಿದ್ದೆ. ಇಷ್ಟು ದಿನ ನಿನ್ನ ಭಾವ ಅಂದುಕೊಂಡದ್ದೆಲ್ಲ ಒಂದು ಕ್ಷಣದಲ್ಲಿ ನೀನಾದೆ. ಟಿವಿಯ ಮುಂದೆ ಕೂತು ಅತ್ತೆ. ಅವರು ಎರಡನೆಯ ಸಲ ಹೋದ ಹಾಗಾಯಿತು.

ನನಗೆ ಸಿಟ್ಟು ಬಂದಿದೆ. ಎತ್ತರಕ್ಕೆ ಹೆದರಿದ್ದಕ್ಕಲ್ಲ, ಹೆದರಿಕೆ ಯಾರಿಗಿಲ್ಲ. ಅವರು ನಿನ್ನ ಬದಲು ಹತ್ತಿದ್ದಕ್ಕೂ ಅಲ್ಲ, ಅವರು ಇದ್ದದ್ದೇ ಹಾಗೆ. ಒಂದೂವರೆ ಗಂಟೆಯ ಬಸ್ಸು ಹತ್ತಲಿಲ್ಲವಲ್ಲ ನೀನು, ಏಳು ವರ್ಷ. ನನಗೆ ಗಂಡನೂ ಇಲ್ಲ ತಮ್ಮನೂ ಇಲ್ಲ ಎನ್ನುವ ಹಾಗೆ ಮಾಡಿಬಿಟ್ಟೆ. ಇನ್ನೊಂದನ್ನೂ ಹೇಳುತ್ತೇನೆ. ಅವರು ಅಷ್ಟು ಸಲ ತಡವಾಗಿ ಬಂದದ್ದಕ್ಕೆ ನನ್ನ ಮನಸ್ಸಿನಲ್ಲಿ ಕೆಟ್ಟ ಯೋಚನೆ ಇತ್ತು. ಬೇರೆ ಯಾರದೋ ಮನೆಗೆ ಹೋಗಿ ಬರುತ್ತಾರೆ ಎಂದುಕೊಂಡಿದ್ದೆ. ಬಾಯಿ ಬಿಟ್ಟು ಕೇಳಲಿಲ್ಲ, ಮುಖ ಊದಿಸಿಕೊಂಡು ಬಡಿಸಿದೆ. ಹೋದ ದಿನ ಬೆಳಿಗ್ಗೆಯೂ ಸರಿಯಾಗಿ ಮಾತಾಡಿರಲಿಲ್ಲ. ಅದಕ್ಕೆ ಈಗ ಯಾರ ಹತ್ತಿರ ಕ್ಷಮೆ ಕೇಳಲಿ?

ನಿನ್ನ ಕಾಗದದಿಂದ ಗೊತ್ತಾದದ್ದು ಒಳ್ಳೆಯದೇ ಆಯಿತು. ಆದರೂ ಎರಡು ತಟ್ಟೆ ಇಡುವುದು ಬಿಡಲಾಗುತ್ತಿಲ್ಲ. ಕಾದಿರು ಎಂದು ಹೇಳಿ ಹೋದವರು ಸಾಕು ಎಂದು ಹೇಳಲೇ ಇಲ್ಲವಲ್ಲ.

ಒಂದು ಕೇಳುತ್ತೇನೆ, ಇಲ್ಲ ಎನ್ನಬೇಡ. ಮೂವತ್ತೊಂದರ ಮಧ್ಯಾಹ್ನ, ಕೊನೆಯ ಸಲ, ಆ ಕುರ್ಚಿಯಲ್ಲಿ ಕೂತು ಮೇಲಿನ ಗುಂಡಿ ಹಾಕಿಕೋ. ಕಿವಿ ಮುಟ್ಟಬೇಡ. ನೀನು ಎಂದು ಗೊತ್ತಿದ್ದೇ ನೋಡುತ್ತೇನೆ. ಒಂದು ದಿನ ಅವರು ಹೊತ್ತಿಗೆ ಸರಿಯಾಗಿ ಬಂದರು ಅಂದುಕೊಳ್ಳುತ್ತೇನೆ. ನಾಲ್ಕಕ್ಕೆ ನೀನು ಸ್ವಿಚ್ಚು ಆರಿಸು, ನಾನು ಅಂಗಡಿಯವನನ್ನು ಕರೆದು ನಿನ್ನ ಬಾಕ್ಸ್ ಹಾಕಿಸಿಕೊಳ್ಳುತ್ತೇನೆ.

ಅಕ್ಕ


ಮಾರ್ಚ್ 31, ಸಂಜೆ ಐದು

ಅಕ್ಕ,

ಕ್ಷಮಿಸು. ನೀನು ಕೇಳಿದ್ದನ್ನು ಮಾಡಲಿಲ್ಲ.

ಬೆಳಿಗ್ಗೆಯೇ ನಿಶ್ಚಯ ಮಾಡಿದ್ದೆ, ಕೂರುತ್ತೇನೆ ಎಂದು. ಕನ್ನಡಿಯ ಮುಂದೆ ಗುಂಡಿ ಹಾಕಿ ನೋಡಿಕೊಂಡೂ ಇದ್ದೆ. ಆದರೆ ಹೊತ್ತು ಹತ್ತಿರ ಬಂದಾಗ ಆಗಲಿಲ್ಲ. ಬಾರದ ಮನುಷ್ಯ ಬರುತ್ತಾನೆ ಎಂದು ನಿನಗೆ ಹೇಗೆ ಹೇಳಲಿ? ಏಳು ವರ್ಷ ಗೊತ್ತಿಲ್ಲದೆ ಹೇಳಿದೆ. ಗೊತ್ತಿದ್ದೂ ಇನ್ನೊಂದು ಸುಳ್ಳು ಹೇಳುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಕೋಟನ್ನು ಇಸ್ತ್ರಿ ಮಾಡಿ ನನ್ನ ಚೀಲದೊಳಗಿಟ್ಟು ಬೀಗ ಹಾಕಿದೆ. ಸ್ಟುಡಿಯೋದಿಂದ ಎಲ್ಲರನ್ನೂ ಹೊರಗೆ ಕಳಿಸಿದೆ. ಕ್ಯಾಮೆರಾವನ್ನು ಖಾಲಿ ಕುರ್ಚಿಯ ಕಡೆ ತಿರುಗಿಸಿ, ಬಾಗಿಲು ಹಾಕಿ, ಗಾಜಿನ ಈಚೆ ಬಂದು ಕೂತೆ. ಮೂರೂ ಇಪ್ಪತ್ತೈದರಿಂದ ಮೂರೂವರೆಯವರೆಗೆ ಪರದೆಯ ಮೇಲೆ ಬರೀ ಕುರ್ಚಿ. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಕ್ಯಾಮೆರಾದವನು "ಏನ್ ಸಾರ್, ಇವತ್ತು ಯಾರೂ ಇಲ್ವಾ?" ಎಂದ. ಇಲ್ಲ ಎಂದೆ. ನೀನು ಅಲ್ಲಿ ಆ ಖಾಲಿ ಕುರ್ಚಿ ನೋಡುತ್ತಾ ಕೂತಿರುತ್ತೀಯ ಎಂದು ಗೊತ್ತಿತ್ತು. ನಾಲ್ಕಕ್ಕೆ ಸ್ವಿಚ್ಚು ಆರಿಸಿದೆ. ಯಂತ್ರದ ಗುಯ್‌ಗುಟ್ಟುವ ಸದ್ದು ನಿಂತಮೇಲೆ ಇಲ್ಲಿ ಹಕ್ಕಿಗಳ ಸದ್ದು ಇಷ್ಟೊಂದು ಇದೆ ಎಂದು ಗೊತ್ತಾಯಿತು.

ಭಾನುವಾರ ಬರುತ್ತೇನೆ. ಕೋಟು ತರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಸೇರಿದ್ದು, ನಾಲ್ಕು ಮಹಡಿ ಹತ್ತಿ ಬಂದು ಬಡಿಯುವುದಂತೂ ನಿಜ.

ನಿನ್ನ ತಮ್ಮ


ಮಾರ್ಚ್ 31, ಊಟವಾದಮೇಲೆ

ಪ್ರೀತಿಯ ಡುಮ್ಮಾ,

ನಿನ್ನ ಮೇಲಿನ ಸಿಟ್ಟು ಇವತ್ತು ಮಧ್ಯಾಹ್ನ ಇಳಿದುಹೋಯಿತು. ಅದನ್ನು ಈಗಲೇ ಬರೆದು, ಬೆಳಿಗ್ಗೆ ಅಂಗಡಿಯವನ ಕೈಯಲ್ಲಿ ಡಬ್ಬಕ್ಕೆ ಹಾಕಿಸುತ್ತೇನೆ.

ಇವತ್ತು ಚುಕ್ಕಿ ಬಹಳ ಇತ್ತು. ಮೊದಲು ಕುರ್ಚಿಯೇ ಸರಿಯಾಗಿ ಕಾಣಲಿಲ್ಲ, ನೀನು ಕೂರಲಿಲ್ಲವೇನೋ ಅಂದುಕೊಂಡೆ. ಆಮೇಲೆ ಕಾಲರು ಕಾಣಿಸಿತು, ಎಡಗಡೆ ಏರಿದ್ದು. ಎಷ್ಟು ನೆಟ್ಟಗೆ ಕೂತಿದ್ದೆ ನೀನು, ಅವರ ಹಾಗೇ. ಒಂದು ವಿಚಿತ್ರ, ಇವತ್ತು ಪಕ್ಕದಲ್ಲಿ ನೆರಳಿರಲಿಲ್ಲ. ಒಬ್ಬರೇ ಇದ್ದರು. ಗುಂಡಿ ಹಾಕಿಕೊಳ್ಳುತ್ತೀಯ ಎಂದು ಕಾದೆ, ನೀನು ಹಾಕಿಕೊಳ್ಳಲಿಲ್ಲ. ಹೇಳಿದ ಮಾತು ಕೇಳುವವನೇ ಅಲ್ಲ ಇವನು ಎಂದು ಬೈದುಕೊಂಡೆ. ಆಗ ನೀನು ಮೆಲ್ಲಗೆ ಗಡಿಯಾರ ಬಿಚ್ಚಿದೆ. ಬಿಚ್ಚಿ ಎದೆ ಜೇಬಿಗೆ ಹಾಕಿ, ಮೇಲೆ ಒಂದು ಸಲ ತಟ್ಟಿಕೊಂಡೆ.

ನಿನಗೆ ನಾನು ಹೇಳದೆ ಉಳಿಸಿಕೊಂಡ ಸನ್ನೆ ಅದೇ ಕಣೋ. ನನಗೆ ಕಾಯಬೇಡ, ನೀನು ಊಟ ಮಾಡಿ ಮಲಗು ಎಂದು. ಆವತ್ತು ಮೇಲೆ ಹತ್ತುವ ಮೊದಲು ಅವರು ಗಡಿಯಾರ ಜೇಬಿಗೆ ಹಾಕಿದರು ಎಂದು ನೀನು ಬರೆದಿದ್ದೆಯಲ್ಲ, ಆ ಸಾಲಿನ ಮೇಲೆ ಕೈ ಇಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಕ್ಯಾಮೆರಾ ಇಲ್ಲದ ಕಡೆ ಹೇಳಿಬಿಟ್ಟರು, ನನಗೆ ಕಾಣಲಿಲ್ಲ ಎಂದು ಸಂಕಟಪಟ್ಟೆ. ನಿನಗೆ ಅದು ಹೇಗೋ ಹೊಳೆದಿದೆ. ನಾನು ಗುಂಡಿ ಕೇಳಿದೆ, ನೀನು ಅದಕ್ಕಿಂತ ನಿಜವಾದದ್ದನ್ನು ಕೊಟ್ಟೆ. ಜೇಬು ತಟ್ಟಿಕೊಳ್ಳುವುದನ್ನು ಮಾತ್ರ ನೀನು ಬರೆದಿರಲಿಲ್ಲ. ಅದೂ ನೆನಪಿತ್ತೇನು ನಿನಗೆ?

ನಾಲ್ಕಕ್ಕೆ ಚಿತ್ರ ಹೋಯಿತು. ಅಂಗಡಿಯವನು ಬಂದು ಬಾಕ್ಸ್ ಹಾಕಿಕೊಟ್ಟ. ಎಲ್ಲ ಕನ್ನಡಿಯ ಹಾಗೆ ಕಾಣುತ್ತದೆ, ಸುದ್ದಿಯವಳ ಮೂಗುಬೊಟ್ಟು ಕೂಡ. "ನೋಡಿದ್ರಾ ಅಕ್ಕಾ, ಇಷ್ಟಕ್ಕೆ ಮೂರು ತಿಂಗಳು ಸತಾಯಿಸಿದ್ರಿ" ಎಂದ. ಹೌದಪ್ಪ ಎಂದೆ.

ಬಾ ಡುಮ್ಮಾ. ಕೋಟು ತೊಟ್ಟುಕೊಂಡೇ ಬಾ, ಆ ಕಾಲರನ್ನು ನಾನು ಬಿಚ್ಚುವುದಿಲ್ಲ. ಜೇಬಿಗೆ ಹಾಕಿದ ಗಡಿಯಾರ ಯಾವುದು ಎಂದು ನೋಡಬೇಕು, ಅವರದು ನನ್ನ ಮಿಷನ್ನಿನ ಡ್ರಾಯರಿನಲ್ಲೇ ಇದೆ.

ಇವತ್ತು ಏಳು ಗಂಟೆಗೇ ಊಟ ಮಾಡಿದೆ. ಒಂದೇ ತಟ್ಟೆ ಇಟ್ಟೆ.

ಅಕ್ಕ